ಫ್ಲಟರ್‌ನಲ್ಲಿ ಕೀ: ಒಬ್ಬರ ಟಿಕ್ ಇನ್ನೊಬ್ಬರಿಗೆ ಹೋಗಿದ್ದು ಹೇಗೆ?

ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿ, ನಮ್ಮ ಮನೆ ಹತ್ತಿರದ ಒಂದು ಟಿಫಿನ್ ಸರ್ವಿಸ್‌ಗೆ ಆ್ಯಪ್ ಮಾಡಿಕೊಟ್ಟಿದ್ದೆ. ಒಂದು ಕಾಲಮ್‌ನಲ್ಲಿ ಆರ್ಡರ್‌ಗಳು, ಪ್ರತಿ ಸಾಲಿಗೂ ‘ಜೈನ್’ ಅಂತ ಚೆಕ್‌ಬಾಕ್ಸು. ಟಿಕ್ ಇದ್ದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಕೋ ಹಾಗಿಲ್ಲ.

ಒಂದು ದಿನ ಮೂರು ಆರ್ಡರ್ ಇತ್ತು, ಎರಡನೆಯದಕ್ಕೆ ಟಿಕ್. ಮೊದಲನೆಯದು ಕ್ಯಾನ್ಸಲ್ ಆಯ್ತು. ಆಗ ಟಿಕ್ ಮೂರನೆಯವರಿಗೆ ಹೋಯ್ತು, ಜೈನರ ಮನೆಗೆ ಆಲೂಗಡ್ಡೆ ಪಲ್ಯ ಹೋಯ್ತು. ತಪ್ಪು ಅಡುಗೆಯವರದ್ದಲ್ಲ, ನನ್ನದು.

ಸ್ಕ್ರೀನನ್ನು ಮತ್ತೆ ಬಿಲ್ಡ್ ಮಾಡುವಾಗ ಫ್ಲಟರ್ ಹಳೇ ವಿಜೆಟ್ಟು, ಹೊಸ ವಿಜೆಟ್ಟು ಒಂದೇನಾ ಅಂತ ಹೋಲಿಸೋದು ಎರಡೇ ವಿಷಯದಲ್ಲಿ: ಟೈಪ್ ಮತ್ತು ಕೀ. ನಾನು ಕೀ ಕೊಟ್ಟಿರಲಿಲ್ಲ, ಟೈಪ್ ಎಲ್ಲಕ್ಕೂ ಒಂದೇ. ಹಾಗಾಗಿ ಅದು ಜಾಗ ನೋಡಿ ಜೋಡಿಸಿತು. ಟಿಕ್ ಅನ್ನೋ ಸ್ಟೇಟ್ ಇರೋದು ವಿಜೆಟ್‌ನಲ್ಲಲ್ಲ, ಅದರ ಹಿಂದಿನ ಎಲಿಮೆಂಟ್ ಹತ್ತಿರ. ಅದು ಕೂತ ಜಾಗದಲ್ಲೇ ಉಳೀತು. ರೈಲಲ್ಲಿ ಟಿಟಿಇ ಹೆಸರು ಕೇಳದೆ ಸೀಟ್ ನಂಬರ್ ಮಾತ್ರ ನೋಡಿದ ಹಾಗೆ.

ಪರಿಹಾರ ಒಂದೇ ಸಾಲು: ವ್ಯಾಲ್ಯೂಕೀ ಒಳಗೆ ಆರ್ಡರ್ ಐಡಿ. ಇಂಡೆಕ್ಸ್ ಕೊಟ್ಟರೆ ಪ್ರಯೋಜನ ಇಲ್ಲ, ಅದೂ ಜಾಗವೇ ತಾನೆ? ಬಿಲ್ಡ್ ಒಳಗೆ ಯೂನಿಕ್‌ಕೀ ಬರೆದರೆ ಪ್ರತಿ ಸಲ ಹೊಸ ಕೀ ಹುಟ್ಟಿ ಟಿಕ್ಕೇ ಅಳಿಸಿಹೋಗುತ್ತೆ. ಇನ್ನೊಂದು, ನಾನೂ ಎಡವಿದ್ದು: ಸಾಲನ್ನು ಪ್ಯಾಡಿಂಗ್‌ನಲ್ಲಿ ಸುತ್ತಿದ್ದರೆ ಕೀ ಹೊರಗಿನ ಪ್ಯಾಡಿಂಗ್‌ಗೇ ಕೊಡಬೇಕು.

ಟಿಕ್ಕನ್ನು ಆರ್ಡರ್ ಡೇಟಾದಲ್ಲೇ ಇಟ್ಟಿದ್ದರೆ ಈ ಗೋಳೇ ಇರ್ತಿರಲಿಲ್ಲ ಅಂತೀರಾ? ನಿಜ. ಆ ವಾರವೇ ಅದನ್ನೂ ಬದಲಾಯಿಸಿದೆ.