ತಲೆಗೆ ತೀವ್ರ ಪೆಟ್ಟು: ಸ್ಕ್ಯಾನ್ ಚಿತ್ರ ಎಷ್ಟು ಭವಿಷ್ಯ ಹೇಳಬಲ್ಲದು?

ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟು ಬಿದ್ದು ಪ್ರಜ್ಞೆ ಕಳೆದುಕೊಂಡವರನ್ನು ಆಸ್ಪತ್ರೆಗೆ ತಂದ ಕೂಡಲೇ ನಡೆಯುವ ಪರೀಕ್ಷೆಗಳಲ್ಲಿ ಮಿದುಳಿನ ಸಿ.ಟಿ. ಸ್ಕ್ಯಾನ್ ಮುಖ್ಯವಾದುದು. ತೀವ್ರ ನಿಗಾ ಘಟಕದ ಹೊರಗೆ ಕಾದು ನಿಂತ ಬಂಧುಗಳು ವೈದ್ಯರಿಗೆ ಕೇಳುವುದು ಎರಡೇ ಪ್ರಶ್ನೆ: ಜೀವ ಉಳಿಯುವುದೇ? ಉಳಿದರೆ ಮೊದಲಿನಂತಾಗುವರೇ? ಇವಕ್ಕೆ ಸ್ಕ್ಯಾನ್ ಚಿತ್ರದಲ್ಲಿ ಉತ್ತರ ಹುಡುಕುವ ಪ್ರಯತ್ನ ಹಲವು ದಶಕಗಳಿಂದ ನಡೆದಿದೆ. ಚಿತ್ರ ಹೇಳುವುದು ಬಹಳಷ್ಟಿದೆ. ಅದು ಹೇಳಲಾರದ್ದೂ ಅಷ್ಟೇ ಇದೆ. ಈ ವ್ಯತ್ಯಾಸವನ್ನು ಅರಿಯದಿದ್ದರೆ ಚಿಕಿತ್ಸೆ ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂಬ ನಿರ್ಧಾರವೇ ತಪ್ಪಾಗಬಹುದು.

ತೀವ್ರತೆಯ ಅಳತೆ

ಪೆಟ್ಟು ಎಷ್ಟು ತೀವ್ರ ಎಂಬುದನ್ನು ಅಳೆಯಲು 1974ರಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋ ನಗರದ ನರಶಸ್ತ್ರಚಿಕಿತ್ಸಾ ತಜ್ಞರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಒಂದು ಸರಳ ಮಾಪನವನ್ನು ರೂಪಿಸಿದರು. ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಅಲುಗಿಸುವುದು ಈ ಮೂರನ್ನು ಪರೀಕ್ಷಿಸಿ 3ರಿಂದ 15ರವರೆಗೆ ಅಂಕ ನೀಡಲಾಗುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಅದು ತೀವ್ರ ಸ್ವರೂಪದ ಗಾಯ. ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಇದೇ ಮಾಪನ.

ಆದರೆ ಅರಿವಳಿಕೆ ಔಷಧ ಪಡೆದು ವೆಂಟಿಲೇಟರ್‌ನಲ್ಲಿರುವ ರೋಗಿ ಮಾತನಾಡಲಾರ, ಹೇಳಿದಂತೆ ಕೈ ಎತ್ತಲಾರ. ಅಂಥವರಲ್ಲಿ ಸ್ಕ್ಯಾನ್ ಚಿತ್ರದ ಮಹತ್ವ ಹೆಚ್ಚುತ್ತದೆ. ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಸಿ.ಟಿ. ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಈ ಸಾಧನಕ್ಕಾಗಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹಾಗೂ ಅಲನ್ ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ವೈದ್ಯರು ನೋಡುವುದೇನು?

ತಲೆಬುರುಡೆ ಮುಚ್ಚಿದ ಗಟ್ಟಿ ಪೆಟ್ಟಿಗೆಯಂತೆ. ಒಳಗೆ ರಕ್ತ ಹೆಪ್ಪುಗಟ್ಟಿದರೆ ಅಥವಾ ಮಿದುಳು ಊದಿಕೊಂಡರೆ ಹಿಗ್ಗಲು ಜಾಗವಿಲ್ಲ. ಆಗ ಎಡ-ಬಲ ಭಾಗಗಳ ನಡುವಿನ ಮಧ್ಯರೇಖೆ ಒಂದು ಪಕ್ಕಕ್ಕೆ ಸರಿಯುತ್ತದೆ. ಮಿದುಳಿನ ಬುಡದಲ್ಲಿ ದ್ರವ ತುಂಬಿರುವ ಅವಕಾಶಗಳು ಕಿರಿದಾಗಿ, ಕೊನೆಗೆ ಕಾಣದಾಗುತ್ತವೆ. ಅಂದರೆ ಉಸಿರಾಟ, ಎಚ್ಚರಗಳನ್ನು ನಿಯಂತ್ರಿಸುವ ಮಿದುಳುಕಾಂಡದ ಮೇಲೆ ಒತ್ತಡ ಬೀಳುತ್ತಿದೆ ಎಂದರ್ಥ.

1991ರಲ್ಲಿ ಪ್ರಕಟವಾದ ಮಾರ್ಷಲ್ ವರ್ಗೀಕರಣ ಈ ಲಕ್ಷಣಗಳನ್ನು ಆಧರಿಸಿ ಸಿ.ಟಿ. ಚಿತ್ರಗಳನ್ನು ಆರು ಗುಂಪುಗಳಾಗಿ ವಿಂಗಡಿಸಿತು. ಮಧ್ಯರೇಖೆ 5 ಮಿಲಿಮೀಟರ್‌ಗಿಂತ ಹೆಚ್ಚು ಸರಿದಿದೆಯೇ, ಗಾಯದ ಗಾತ್ರ 25 ಮಿಲಿಲೀಟರ್ ಮೀರಿದೆಯೇ ಎಂಬುವು ಅದರ ಗಡಿಗಳು. 2005ರಲ್ಲಿ ನೆದರ್ಲೆಂಡ್ಸ್‌ನ ತಜ್ಞರ ನೇತೃತ್ವದಲ್ಲಿ, ಎರಡು ಸಾವಿರಕ್ಕೂ ಅಧಿಕ ರೋಗಿಗಳ ಮಾಹಿತಿಯಿಂದ, ರಾಟರ್‌ಡ್ಯಾಮ್ ಅಂಕಪದ್ಧತಿ ಸಿದ್ಧವಾಯಿತು. ಇದರಲ್ಲಿ ಅಂಕ 1ರಿಂದ 6ರವರೆಗೆ. ಅಂಕ 2 ಇದ್ದವರಲ್ಲಿ ಆರು ತಿಂಗಳೊಳಗೆ ಮೃತಪಟ್ಟವರು ಶೇ. 7. ಅಂಕ 4ಕ್ಕೆ ಶೇ. 26, ಅಂಕ 5ಕ್ಕೆ ಶೇ. 53, ಅಂಕ 6ಕ್ಕೆ ಶೇ. 61.

ಈ ಪದ್ಧತಿಯಲ್ಲಿ ಕುತೂಹಲಕರ ಅಂಶವೊಂದಿದೆ. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ಹೆಪ್ಪುಗಟ್ಟುವ ರಕ್ತ ಚಿತ್ರದಲ್ಲಿ ಭಯಾನಕವಾಗಿ ಕಾಣುತ್ತದೆ. ಆದರೆ ಅದು ಇದ್ದರೆ ಅಂಕ ಏರುವುದಿಲ್ಲ. ಇಲ್ಲದಿದ್ದರೇ ಒಂದು ಅಂಕ ಕೂಡುತ್ತದೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಿಂದ ಆ ರಕ್ತವನ್ನು ತೆಗೆದರೆ, ಕೆಳಗಿನ ಮಿದುಳು ಹಲವು ವೇಳೆ ಹೆಚ್ಚು ಹಾನಿಯಿಲ್ಲದೆ ಉಳಿದಿರುತ್ತದೆ. ನೋಡಲು ಘೋರವಾದ ಚಿತ್ರವೆಲ್ಲ ಘೋರ ಫಲಿತಾಂಶದ ಸೂಚನೆಯಲ್ಲ.

ಸಿ.ಟಿ.ಗೆ ಕಾಣದ ಗಾಯ

ಇದಕ್ಕೆ ವಿರುದ್ಧವಾದುದೂ ಉಂಟು. ರೋಗಿ ಗಾಢ ಕೋಮಾದಲ್ಲಿರುತ್ತಾನೆ, ಸಿ.ಟಿ. ಚಿತ್ರ ಮಾತ್ರ ಬಹುತೇಕ ಸಹಜವಾಗಿರುತ್ತದೆ. ವೇಗದಲ್ಲಿದ್ದ ತಲೆ ಥಟ್ಟನೆ ನಿಂತಾಗ ಅಥವಾ ತಿರುಚಿದಾಗ ಮಿದುಳಿನೊಳಗಿನ ಸೂಕ್ಷ್ಮ ನರತಂತುಗಳು ಎಳೆತಕ್ಕೆ ಸಿಕ್ಕಿ ಹಾನಿಗೊಳ್ಳುತ್ತವೆ. ರಕ್ತ ಶೇಖರವಾಗದ ಕಾರಣ ಸಿ.ಟಿ.ಗೆ ಇದು ಸುಲಭವಾಗಿ ಗೋಚರಿಸದು. ಇಲ್ಲಿ ನೆರವಾಗುವುದು ಎಂ.ಆರ್.ಐ. ಗಾಯ ಮಿದುಳಿನ ಮೇಲ್ಭಾಗಕ್ಕೆ ಸೀಮಿತವೇ, ಎರಡು ಅರ್ಧಗೋಳಗಳನ್ನು ಬೆಸೆಯುವ ನರತಂತುಗಳ ಸೇತುವೆಗೂ ತಗುಲಿದೆಯೇ, ಅಥವಾ ಮಿದುಳುಕಾಂಡಕ್ಕೂ ಇಳಿದಿದೆಯೇ ಎಂಬುದನ್ನು ಅದು ತೋರಬಲ್ಲದು. ಗಾಯ ಆಳಕ್ಕಿಳಿದಷ್ಟೂ ಚೇತರಿಕೆ ಕಷ್ಟ. ಮಿದುಳುಕಾಂಡದ ಎರಡೂ ಪಾರ್ಶ್ವಗಳಿಗೆ ಹಾನಿಯಾಗಿದ್ದರೆ ಅದು ಕಳವಳಕಾರಿ ಸೂಚನೆ.

ಆದರೆ ಎಂ.ಆರ್.ಐ. ಹೆಚ್ಚು ಸಮಯ ಹಿಡಿಯುತ್ತದೆ. ವೆಂಟಿಲೇಟರ್‌ನಲ್ಲಿರುವ ಅಸ್ಥಿರ ರೋಗಿಯನ್ನು ಆ ಯಂತ್ರದೊಳಗೆ ಸಾಗಿಸುವುದೇ ಒಂದು ಸಾಹಸ. ಹೀಗಾಗಿ ಸಾಮಾನ್ಯವಾಗಿ ಸ್ಥಿತಿ ಹತೋಟಿಗೆ ಬಂದ ನಂತರವೇ ಇದನ್ನು ಮಾಡಲಾಗುತ್ತದೆ.

ಸಂಖ್ಯೆ ಗುಂಪಿನದು, ವ್ಯಕ್ತಿಯದಲ್ಲ

ಚಿತ್ರವೊಂದನ್ನೇ ನೋಡಿ ತಜ್ಞರು ಭವಿಷ್ಯ ನುಡಿಯುವುದಿಲ್ಲ. ವಯಸ್ಸು, ಕೈಕಾಲುಗಳ ಪ್ರತಿಕ್ರಿಯೆ, ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುವುದೇ ಎಂಬ ಅಂಶಗಳನ್ನು ಚಿತ್ರದ ಜೊತೆಗೂಡಿಸಿದ ಎರಡು ಗಣಿತ ಸೂತ್ರಗಳು, ‘ಕ್ರ್ಯಾಶ್’ ಮತ್ತು ‘ಇಂಪ್ಯಾಕ್ಟ್’, 2008ರಲ್ಲಿ ಪ್ರಕಟವಾದವು. 10,008 ರೋಗಿಗಳ ಮಾಹಿತಿ ಆಧರಿಸಿದ ಕ್ರ್ಯಾಶ್ ಸೂತ್ರ, ಶ್ರೀಮಂತ ರಾಷ್ಟ್ರಗಳಿಗೆ ಒಂದು ಲೆಕ್ಕವನ್ನೂ ಕಡಿಮೆ ಮತ್ತು ಮಧ್ಯಮ ಆದಾಯದ ರಾಷ್ಟ್ರಗಳಿಗೆ ಮತ್ತೊಂದನ್ನೂ ಇರಿಸಿದೆ. ಭಾರತ ಎರಡನೆಯ ಸಾಲಿಗೆ ಸೇರುತ್ತದೆ. ಅಂದರೆ ಫಲಿತಾಂಶವನ್ನು ನಿರ್ಧರಿಸುವುದು ಗಾಯವೊಂದೇ ಅಲ್ಲ. ಚಿಕಿತ್ಸೆ ದೊರೆಯುವ ನಾಡೂ ಅದರಲ್ಲಿ ಪಾಲು ಪಡೆಯುತ್ತದೆ.

ಇಂಥ ಸೂತ್ರಗಳು ಹೇಳುವುದು ನೂರು ಜನರಲ್ಲಿ ಎಷ್ಟು ಮಂದಿ ಎಂಬುದನ್ನು ಮಾತ್ರ. ಆ ನೂರರಲ್ಲಿ ಈ ರೋಗಿ ಎಲ್ಲಿದ್ದಾನೆ ಎಂಬುದನ್ನಲ್ಲ. ರಾಟರ್‌ಡ್ಯಾಮ್ ಪದ್ಧತಿಯಲ್ಲಿ ಅತಿ ಕೆಟ್ಟ ಅಂಕ ಪಡೆದವರಲ್ಲೂ ನೂರಕ್ಕೆ 39 ಮಂದಿ ಆರು ತಿಂಗಳ ಬಳಿಕ ಬದುಕಿದ್ದರು. ಬದುಕುಳಿಯುವುದು ಬೇರೆ, ಸ್ವತಂತ್ರವಾಗಿ ಬಾಳುವುದು ಬೇರೆ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ನುಡಿದದ್ದೇ ನಿಜವಾಗುವ ಅಪಾಯ

ಕೆನಡಾದ ಆರು ದೊಡ್ಡ ಅಪಘಾತ ಚಿಕಿತ್ಸಾ ಕೇಂದ್ರಗಳ 720 ರೋಗಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತೀವ್ರ ಪೆಟ್ಟು ಬಿದ್ದಿದ್ದ ಇವರಲ್ಲಿ 228 ಮಂದಿ ಆಸ್ಪತ್ರೆಯಲ್ಲಿ ಮೃತಪಟ್ಟಿದ್ದರು. ಆ ಸಾವುಗಳಲ್ಲಿ ಸುಮಾರು ಶೇ. 70ರಷ್ಟು ಸಂಭವಿಸಿದ್ದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಂಡ ನಂತರ. ಚೇತರಿಕೆ ಅಸಾಧ್ಯ ಎಂಬ ಅಂದಾಜಿನ ಮೇಲೆ ಚಿಕಿತ್ಸೆ ನಿಂತರೆ ರೋಗಿ ಸಾಯುತ್ತಾನೆ. ಅಂದಾಜು ಸರಿಯಾಗಿತ್ತು ಎಂದು ಲೆಕ್ಕ ದಾಖಲಿಸುತ್ತದೆ. ಅದು ತಪ್ಪಾಗಿದ್ದಿರಬಹುದೇ ಎಂದು ಪರೀಕ್ಷಿಸುವ ಅವಕಾಶವೇ ಉಳಿಯುವುದಿಲ್ಲ.

ಕಾಯುವಿಕೆಯ ಫಲವನ್ನು ಅಮೆರಿಕದ ‘ಟ್ರ್ಯಾಕ್-ಟಿಬಿಐ’ ಅಧ್ಯಯನ 2021ರಲ್ಲಿ ತೋರಿಸಿತು. ಗಾಯವಾದ ಎರಡು ವಾರಕ್ಕೆ ಸುತ್ತಲಿನ ಅರಿವೇ ಇಲ್ಲದ ಸ್ಥಿತಿಯಲ್ಲಿದ್ದ 79 ಮಂದಿಯಲ್ಲಿ 62 ಮಂದಿ ವರ್ಷದೊಳಗೆ ಪ್ರಜ್ಞೆ ಮರಳಿ ಪಡೆದಿದ್ದರು. ತೀವ್ರ ಗಾಯವಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ವರ್ಷದ ಹೊತ್ತಿಗೆ ಸಮಾಧಾನಕರ ಸ್ಥಿತಿ ತಲುಪಿದ್ದರು. ಎಲ್ಲರೂ ಪೂರ್ತಿ ಗುಣಮುಖರಾದರೆಂದಲ್ಲ. ಎರಡು ವಾರದ ಸ್ಥಿತಿಯೇ ಕೊನೆಯ ಸ್ಥಿತಿಯಲ್ಲ ಎಂಬುದು ಮುಖ್ಯ.

ಮಿದುಳಿನ ಚಟುವಟಿಕೆಯನ್ನೇ ಚಿತ್ರಿಸುವ ವಿಧಾನಗಳು ಮತ್ತೊಂದು ಬಾಗಿಲು ತೆರೆದಿವೆ. ಇಂಗ್ಲೆಂಡ್‌ನಲ್ಲಿ ರಸ್ತೆ ಅಪಘಾತದ ಬಳಿಕ ತಿಂಗಳುಗಟ್ಟಲೆ ಸ್ಪಂದಿಸದೆ ಇದ್ದ 23 ವರ್ಷದ ಮಹಿಳೆಗೆ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಎಂ.ಆರ್.ಐ. ಯಂತ್ರದೊಳಗೆ ಸೂಚಿಸಲಾಯಿತು. ಆಕೆಯ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಪ್ರತಿಕ್ರಿಯಿಸಿತೆಂಬ ವರದಿ 2006ರಲ್ಲಿ ಬಂತು. ನಾನಾ ಕಾರಣಗಳಿಂದ ಮಿದುಳಿಗೆ ಹಾನಿಯಾಗಿ, ಹೇಳಿದಂತೆ ಮಾಡಲಾರದೆ ಇದ್ದ 241 ಮಂದಿಯಲ್ಲಿ ನಾಲ್ಕರಲ್ಲೊಬ್ಬರಿಗೆ ಇಂಥ ಗುಪ್ತ ಅರಿವು ಇತ್ತೆಂದು 2024ರ ಅಧ್ಯಯನ ತಿಳಿಸಿದೆ. ಈ ಪರೀಕ್ಷೆಗಳು ಇನ್ನೂ ಎಲ್ಲೆಡೆ ಲಭ್ಯವಿಲ್ಲ.

ನಿರ್ಧಾರದ ಹೊತ್ತು

ಇದು ನಮ್ಮ ರಾಜ್ಯಕ್ಕೂ ನೇರವಾಗಿ ಸಂಬಂಧಿಸಿದ ವಿಷಯ. ಘನತೆಯಿಂದ ಮರಣಿಸುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದರಂತೆ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಚೇತರಿಕೆಯ ಭರವಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಲು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಬಂಧುಗಳ ಸಮ್ಮತಿ ಬೇಕು. ‘ಭರವಸೆಯಿಲ್ಲ’ ಎಂಬ ತೀರ್ಮಾನಕ್ಕೆ ಸ್ಕ್ಯಾನ್ ಚಿತ್ರ ಒಂದು ಆಧಾರ ಮಾತ್ರ. ಮಿದುಳಿಗೆ ಅತಿ ಗಂಭೀರ ಹಾನಿಯಾದವರ ಬಗ್ಗೆ ಅಂಥ ತೀರ್ಮಾನಕ್ಕೆ ಮುನ್ನ ಕನಿಷ್ಠ 72 ಗಂಟೆ ಚಿಕಿತ್ಸೆ ನೀಡಿ ಕಾದು ನೋಡಬೇಕೆಂದು ಅಂತರರಾಷ್ಟ್ರೀಯ ನರ ತೀವ್ರನಿಗಾ ತಜ್ಞರ ಸಂಘ 2015ರಲ್ಲೇ ಸಲಹೆ ಮಾಡಿದೆ.

ಬಂಧುಗಳು ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಈ ಚಿತ್ರ ಗಾಯವಾದ ಎಷ್ಟು ಹೊತ್ತಿನ ಮೇಲೆ ತೆಗೆದದ್ದು? ಮತ್ತೆ ಸ್ಕ್ಯಾನ್ ಮಾಡಲಾಗಿದೆಯೇ? ಅರಿವಳಿಕೆ ಔಷಧದ ಪ್ರಭಾವ ಇಳಿದ ಮೇಲೆ ರೋಗಿಯನ್ನು ಪರೀಕ್ಷಿಸಲಾಗಿದೆಯೇ? ಎಂ.ಆರ್.ಐ.ಯಿಂದ ಹೆಚ್ಚೇನಾದರೂ ತಿಳಿಯುವುದೇ? ಇನ್ನೂ ಕೆಲವು ದಿನ ಕಾದರೆ ಅಂದಾಜು ಬದಲಾಗುವ ಸಾಧ್ಯತೆ ಇದೆಯೇ? ಇವನ್ನು ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ‘ಈಗಲೇ ಹೇಳಲಾಗದು’ ಎಂಬ ಉತ್ತರ ಬಂದರೆ ಅದನ್ನೂ ಪ್ರಾಮಾಣಿಕ ಉತ್ತರವೆಂದೇ ಸ್ವೀಕರಿಸಬೇಕು.