ಸುಣ್ಣದ ಹರಳು ಶೋಧಿಸುವ ಉಸಿರು

ಅರಿವಳಿಕೆಗೆ ಒಳಗಾದ ವಯಸ್ಕ ರೋಗಿಯ ದೇಹವು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕವನ್ನು ಬಳಸಿಕೊಂಡು ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಅಗತ್ಯ ಇಷ್ಟೇ ಆದರೂ, ಬಿಟ್ಟ ಉಸಿರನ್ನು ಹೊಸ ಅನಿಲದ ರಭಸದಿಂದಲೇ ಹೊರತಳ್ಳುವ ಬೇನ್ ಸರ್ಕ್ಯೂಟ್‌ನಂತಹ ವ್ಯವಸ್ಥೆಗಳಿಗೆ ನಿಮಿಷಕ್ಕೆ ಹಲವು ಲೀಟರ್ ಹರಿವು ಬೇಕಾಗುವುದರಿಂದ, ಆಮ್ಲಜನಕದ ಜೊತೆಗೆ ಬೆಲೆಬಾಳುವ ಅರಿವಳಿಕೆ ಆವಿಯೂ ಪೋಲಾಗುತ್ತದೆ.

ಬ್ರಯನ್ ಸ್ವೋರ್ಡ್ 1930ರಲ್ಲಿ ವಿವರಿಸಿದ ಸರ್ಕಲ್ ವ್ಯವಸ್ಥೆಯಲ್ಲಿ ಎರಡು ಏಕಮುಖ ಕವಾಟಗಳು ಉಸಿರನ್ನು ಒಂದೇ ದಿಕ್ಕಿನಲ್ಲಿ ಸುತ್ತಿಸುತ್ತವೆ. ದಾರಿಯಲ್ಲಿರುವ ಡಬ್ಬಿಯ ಸೋಡಾ ಲೈಮ್ ಹರಳುಗಳು ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಂಡು ಉಳಿದ ಅನಿಲವನ್ನು ರೋಗಿಗೆ ಮರಳಿಸುವುದರಿಂದ, ಆರಂಭದ ಕೆಲವು ನಿಮಿಷಗಳ ಬಳಿಕ ಹರಿವನ್ನು ಒಂದು ಲೀಟರಿಗೆ ಅಥವಾ ಅದಕ್ಕೂ ಕೆಳಗೆ ಇಳಿಸಬಹುದು.

ಈ ಹರಳಿನ ಮುಖ್ಯ ಅಂಶವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ವೀಳ್ಯದೆಲೆಗೆ ಸವರುವ ಅರಳಿದ ಸುಣ್ಣವೇ ಆಗಿದ್ದು, ಅದರೊಂದಿಗೆ ಸುಮಾರು ಶೇ. 15 ನೀರು ಮತ್ತು ಅಲ್ಪ ಪ್ರಮಾಣದ ಸೋಡಿಯಂ ಹೈಡ್ರಾಕ್ಸೈಡ್ ಇರುತ್ತವೆ. ಇಂಗಾಲದ ಡೈಆಕ್ಸೈಡ್ ಮೊದಲು ನೀರಿನಲ್ಲಿ ಕರಗಿ ಆಮ್ಲವಾಗಿ, ಸೋಡಿಯಂ ಹೈಡ್ರಾಕ್ಸೈಡಿನೊಡನೆ ಬೇಗನೆ ಕೂಡಿ, ಕೊನೆಗೆ ಸುಣ್ಣದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಾಗಿ ನೆಲೆಗೊಳ್ಳುತ್ತದೆ. ಆಗ ಹುಟ್ಟುವ ಶಾಖ ಮತ್ತು ತೇವಾಂಶ ರೋಗಿಯ ಉಸಿರನ್ನು ಬೆಚ್ಚಗಿಡುತ್ತವೆ. ಬಳಕೆಯಾದ ಹರಳು ಸಾಮಾನ್ಯವಾಗಿ ನೇರಳೆಗೆ ತಿರುಗುತ್ತದೆ. ಆದರೆ ಬಿಡುವು ಸಿಕ್ಕಾಗ ಆ ಬಣ್ಣ ಮಾಸಬಹುದಾದ್ದರಿಂದ ಕಣ್ಣಂದಾಜನ್ನಷ್ಟೇ ನಂಬುವಂತಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಸಿಲಿಂಡರನ್ನು ನೆಚ್ಚಿದ ಶಸ್ತ್ರಚಿಕಿತ್ಸಾ ಕೊಠಡಿಗೆ ಈ ಉಳಿತಾಯದ ಅರ್ಥ ಸ್ಪಷ್ಟವಾಗಿದೆ. 7,000 ಲೀಟರ್ ಆಮ್ಲಜನಕದ ಒಂದು ಜಂಬೊ ಸಿಲಿಂಡರ್, ವೆಂಟಿಲೇಟರನ್ನು ನಡೆಸುವ ಅನಿಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಿಮಿಷಕ್ಕೆ ಆರು ಲೀಟರಿನಂತೆ ಸುಮಾರು 19 ಗಂಟೆ ಬಾಳುತ್ತದೆ. ಒಂದು ಲೀಟರಿನಂತೆ ಹರಿಸಿದರೆ ಸುಮಾರು 116 ಗಂಟೆ ಬರುತ್ತದೆ. ಆದರೆ ಕರಾವಳಿಯ ಮಳೆಗಾಲದಲ್ಲಿ ಗೋಡೆಗಳೇ ಬೆವರಿದರೂ ಸಿಲಿಂಡರಿನ ಅನಿಲ ಒಣದಾಗಿಯೇ ಇರುವುದರಿಂದ, ರಾತ್ರಿಯಿಡೀ ಹರಿವನ್ನು ತೆರೆದಿಟ್ಟರೆ ಹರಳು ಒಣಗುತ್ತದೆ. ಪ್ರಬಲ ಕ್ಷಾರವುಳ್ಳ ಒಣಹರಳು ಡೆಸ್‌ಫ್ಲುರೇನ್‌ನಂತಹ ಆವಿಯೊಡನೆ ವರ್ತಿಸಿ ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಉಂಟುಮಾಡಬಲ್ಲದು. ಆದ್ದರಿಂದ ಕೆಲಸ ಮುಗಿದೊಡನೆ ಹರಿವನ್ನು ನಿಲ್ಲಿಸುವುದೂ ಹರಳನ್ನು ಕಾಲಕಾಲಕ್ಕೆ ಬದಲಿಸುವುದೂ ಅನಿವಾರ್ಯ.

ಹರಿವು ಕುಗ್ಗಿದಷ್ಟೂ ರೋಗಿಯ ಉಸಿರಿನಲ್ಲಿರುವ ಆಮ್ಲಜನಕದ ಪ್ರಮಾಣವು ಫ್ಲೋಮೀಟರಿನಲ್ಲಿ ನಿಗದಿಪಡಿಸಿದ್ದಕ್ಕಿಂತ ಕಡಿಮೆಯಾಗಬಹುದು. ಆದ್ದರಿಂದ ಆಮ್ಲಜನಕವನ್ನೂ ಅರಿವಳಿಕೆ ಆವಿಯನ್ನೂ ಅಳೆಯುವ ಮಾಪಕಗಳು, ಒಳಹೋಗುವ ಉಸಿರಿನಲ್ಲೂ ಇಂಗಾಲದ ಡೈಆಕ್ಸೈಡ್ ಕಾಣಿಸಿಕೊಂಡರೆ ಹರಳು ಸೋತಿರಬಹುದೆಂದು ಸೂಚಿಸುವ ಕ್ಯಾಪ್ನೋಗ್ರಾಫ್ ಇವೆಲ್ಲ ಇದ್ದಲ್ಲಿ ಮಾತ್ರ ಈ ಮಿತವ್ಯಯ ಸಲ್ಲುತ್ತದೆ. ಅವು ಇಲ್ಲದ ಕೊಠಡಿಯಲ್ಲಿ ಹೆಚ್ಚು ಹರಿವನ್ನು ಉಳಿಸಿಕೊಳ್ಳುವುದೇ ವಿವೇಕ.