ನಿಮಗಿದು ಗೊತ್ತೆ? ಮನೆಯೊಳಗಿನ ಆಮ್ಲಜನಕ

2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಎದುರಾಗಿ, ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡ ಸುದ್ದಿ ಬಂತು. ಅದನ್ನು ಮರೆತವರು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಈಗ ಶ್ವಾಸಕೋಶದ ಕಾಯಿಲೆಯವರು ಮನೆಯಲ್ಲೇ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇಟ್ಟುಕೊಳ್ಳುವುದುಂಟು.

ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ 21. ಈ ಯಂತ್ರದೊಳಗಿನ ಜಿಯೋಲೈಟ್ ಹರಳುಗಳು ಸಾರಜನಕವನ್ನು ಹಿಡಿದಿಟ್ಟು, ಸುಮಾರು ಶೇ 90ರಿಂದ 95 ಆಮ್ಲಜನಕವನ್ನು ಹೊರಬಿಡುತ್ತವೆ. ಗೋಡೆಗೆ ಒತ್ತಿಸಿ ಇಟ್ಟರೆ ಯಂತ್ರಕ್ಕೆ ಗಾಳಿ ಸಾಲದು; ಒಂದಡಿ ಜಾಗ ಬಿಡಬೇಕು.

ಕರೆಂಟ್ ಹೋದರೆ? ಯಂತ್ರ ನಿಲ್ಲುತ್ತದೆ. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ, ನೆರವಿಗೆ ಮೈಸೂರಿಗೆ ಹೋಗಬೇಕೆಂದರೆ ಸುಮಾರು 60 ಕಿ.ಮೀ. ದೂರ. ಹಾಗಾಗಿ ಒಂದು ತುಂಬಿದ ಸಿಲಿಂಡರ್ ಮನೆಯಲ್ಲಿರಲಿ. ಬಿ ಮಾದರಿಯದರಲ್ಲಿ ಸುಮಾರು 1,500 ಲೀಟರ್ ಅನಿಲ. ನಿಮಿಷಕ್ಕೆ 2 ಲೀಟರ್‌ನಂತೆ ಬಿಟ್ಟರೆ ಹೆಚ್ಚುಕಡಿಮೆ 12 ಗಂಟೆ ಬರುತ್ತದೆ. ಅದು ಉರುಳದಂತೆ ಸರಪಳಿ ಬಿಗಿಯಿರಿ.

ಆಮ್ಲಜನಕ ತಾನಾಗಿ ಉರಿಯದು, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ದೇವರ ದೀಪ, ಊದುಬತ್ತಿ, ಸೌದೆ ಒಲೆ ಕನಿಷ್ಠ 10 ಅಡಿ ದೂರವಿರಬೇಕು. ಬೀಡಿಯಂತೂ ಆ ಕೋಣೆಗೇ ಬೇಡ. ಯಂತ್ರ ಆರಿಸಿದ ಮೇಲೂ ಕಂಬಳಿ, ಬಟ್ಟೆಗಳಲ್ಲಿ ಆಮ್ಲಜನಕ ಸ್ವಲ್ಪ ಹೊತ್ತು ಉಳಿದಿರುತ್ತದೆ. ಇದು ಹಲವರಿಗೆ ಗೊತ್ತಿಲ್ಲ. ವಾಲ್ವ್ ಬಿಗಿಯಾಗಿದೆಯೆಂದು ಎಣ್ಣೆ ಹಾಕುವುದೂ ಅಪಾಯವೇ. ಮೂಗು ಒಣಗಿದರೆ ವ್ಯಾಸಲೀನ್ ಬದಲು ನೀರಿನಂಶದ ಜೆಲ್ ಹಚ್ಚಬೇಕು.

ದೀರ್ಘಕಾಲದ ಶ್ವಾಸಕೋಶ ರೋಗಿಗಳಲ್ಲಿ ಅನೇಕರಿಗೆ ವೈದ್ಯರು ನಿಗದಿ ಮಾಡುವ ರಕ್ತದ ಆಮ್ಲಜನಕ ಮಟ್ಟ ಶೇ 88ರಿಂದ 92 ಮಾತ್ರ. ಉಸಿರು ಕಟ್ಟಿತೆಂದು ಮನೆಯವರೇ ಗುಂಡಿ ತಿರುಗಿಸಿ ಹೆಚ್ಚಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ರೋಗಿ ಮಂಪರಿಗೆ ಜಾರಬಹುದು.